ಅಳಿಸಿದ ಪದಬಂಧ

ಮಗಳ ರಬ್ಬರಿನ ವಾಸನೆ ಬಂದಾಗಲೆಲ್ಲ ಕೆ.ಆರ್. ನಗರದ ಹತ್ತಿರದ ನಮ್ಮೂರಿನ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ನಾಲೆ ನೀರಿನ ಸರದಿಗೆ ಜಗಳವಾಡಿಕೊಂಡು ಅಪ್ಪ, ದೊಡ್ಡಪ್ಪ ಮಾತು ಬಿಟ್ಟಿದ್ದರು. ಆದರೆ ಪೇಪರಿನ ಪದಬಂಧದ ಹುಚ್ಚು ಇಬ್ಬರಿಗೂ ಇತ್ತು. ಅದರ ಸುತ್ತುಬಳಸಿನ ಸುಳಿವುಗಳೆಲ್ಲ ಒಬ್ಬರಿಂದಲೇ ಬಗೆಹರಿಯುತ್ತಿರಲಿಲ್ಲ. ಅಪ್ಪ ಒಂದಷ್ಟು ತುಂಬಿ ಕೊಟ್ಟರೆ ನಾನು ಪೇಪರನ್ನು ಹಿಂದಿನ ಬೀದಿಗೆ ಒಯ್ಯುತ್ತಿದ್ದೆ. ದೊಡ್ಡಪ್ಪ ಇನ್ನೊಂದಷ್ಟು ಬರೆದು ವಾಪಸ್ ಕಳಿಸುತ್ತಿದ್ದರು.

ಅವತ್ತು ಊಟದ ಹೊತ್ತಿಗೇ ಅಪ್ಪ ಕೊನೆಯ ಪದವನ್ನೂ ಬರೆದುಬಿಟ್ಟರು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತವರು, ನನ್ನ ರಬ್ಬರು ಇಸಕೊಂಡು, ಆ ಪದವನ್ನು ಕಾಗದ ತೆಳ್ಳಗಾಗುವ ಹಾಗೆ ಉಜ್ಜಿದರು.

"ತಪ್ಪಾಗಿತ್ತಾ ಅಪ್ಪ?"

"ಇಲ್ಲ ಕಣವ್ವ. ಅಪ್ಪಂಗೆ ಇದೊಂದು ಹೊಳೀಲಿಲ್ವಂತೆ ಅಂತ ದೊಡ್ಡಪ್ಪಂಗೆ ಏಳು."

ನನಗೇನೂ ತಿಳಿಯಲಿಲ್ಲ. ಪೇಪರು ಒಯ್ದು ಕೊಟ್ಟಾಗ ದೊಡ್ಡಪ್ಪ, ಅಪ್ಪ ಉಜ್ಜಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರು. ಪೆನ್ಸಿಲ್ಲಿನ ಗೀರು ನನಗೇ ಕಾಣುತ್ತಿತ್ತು.

"ನಂಗೂ ಹೊಳೀತಿಲ್ಲ ಬುಡು" ಅಂದರು. ಆಮೇಲೆ ತಾವೇ ಬರೆದಿದ್ದ ಎರಡು ಪದಗಳನ್ನೂ ಅಳಿಸಿದರು. "ಇವೂ ಯಾಕೋ ಅನುಮಾನ. ನಿಮ್ಮಪ್ಪ ಒಂದ್ಸಲ ನೋಡ್ಲಿ."

ಬಿಸಿಲಲ್ಲಿ ತಿರುಗಿ ತಿರುಗಿ ನನ್ನ ಕಾಲು ಸೋತವು. ಓದಿದವರಿಬ್ಬರೂ ಸರಿ ಉತ್ತರಗಳನ್ನು ಯಾಕೆ ಕೆಡಿಸುತ್ತಿದ್ದಾರೆಂದು ಕೇಳಿದರೆ ಅಮ್ಮ ಸೆರಗಲ್ಲಿ ನಗು ಮುಚ್ಚಿಕೊಂಡು ಒಳಗೆ ಹೋದಳು.

ಸಂಜೆ ಹೊತ್ತಿಗೆ, ಪೂರ್ತಿಯಾಗಿದ್ದ ಪದಬಂಧ ಅರ್ಧ ಖಾಲಿಯಾಗಿ, ಪೇಪರು ಅಲ್ಲಲ್ಲಿ ತೂತುಬಿದ್ದಿತ್ತು. ಅಪ್ಪ ಚಪ್ಪಲಿ ಮೆಟ್ಟಿಕೊಂಡರು.

"ತಾ ಇಲ್ಲಿ. ಇಷ್ಟೊಂದೆಲ್ಲ ನೀನೇನು ಕೇಳೀಯ. ನಾನೇ ಓಗಿ ಕೇಳ್ಕೊಂಡು ಬತ್ತೀನಿ."