ಆಮೆನ್ ಬಿದ್ದ ಜಾಗ

ಸುವಾರ್ತಾ ಮೈಕ್ ಹಿಡಿದು ಉಸಿರು ಬಿಗಿಹಿಡಿದಿದ್ದಳು. ಅಜ್ಜ ಹಾಡುತ್ತಿದ್ದ ಹಳೆಯ ಕೀರ್ತನೆ ಬಂಕಾಪುರದ ಚರ್ಚಿನಲ್ಲಿ ಮೊದಲ ಬಾರಿಗೆ ರ‍್ಯಾಪ್ ಆಗಿ ಅರ್ಧಕ್ಕೆ ಬಂದಿತ್ತು, ಅಲ್ಲಿ ಬೀಟನ್ನು ಬೇಕೆಂದೇ ನಿಲ್ಲಿಸಿದ್ದರು. ಇನ್ನೇನು ತಮ್ಮ ಯೋಯೇಲನ ಲ್ಯಾಪ್‌ಟಾಪಿನಿಂದ ಬೇಸ್‌ನ ದಪ್ಪ ನಾದ ಗುಡುಗಬೇಕು, ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಅಜ್ಜ ದೇವಪುತ್ರಪ್ಪ ಎದ್ದು "ಆಮೆನ್" ಎಂದರು. ಹಾಡು ನಿಂತರೆ ಹಿರಿಯರು ಆಮೆನ್ ಹೇಳುವುದು, ಸಭೆಯೆಲ್ಲ ದನಿಗೂಡಿಸುವುದು ಅಲ್ಲಿನ ರೂಢಿ. ಇಡೀ ಚರ್ಚು "ಆಮೆನ್" ಎಂದಿತು. ಗಾಬರಿಬಿದ್ದ ಯೋಯೇಲ ಟ್ರ್ಯಾಕನ್ನೇ ನಿಲ್ಲಿಸಿಬಿಟ್ಟ.

"ಹೀರೋ ಎಂಟ್ರಿಗೇ ಶುಭಂ ಅಂತ ಬೋರ್ಡ್ ಬಿತ್ತಲ್ಲಕ್ಕಾ," ಎಂದು ಗೊಣಗಿದ. ಸುವಾರ್ತಾಳಿಗೆ ನಗು ಬರಲಿಲ್ಲ. ಸಭೆಗೆ ಹಿಡಿಸದಿದ್ದರೆ ಮುಂದಿನ ಭಾನುವಾರದಿಂದ ಹಾರ್ಮೋನಿಯಂ ಒಂದೇ ಎಂದು ಅಜ್ಜ ಮೊದಲೇ ಹೇಳಿದ್ದರು.

"ಮುಗೀತೇನವಾ?" ಎಂದು ಅಜ್ಜ ಕೇಳಿದರು.

"ಇಲ್ಲಜ್ಜಾ. ಅದು ಬೀಟ್ ಬೀಳೂದಕ್ಕಿಂತ ಮೊದಲಿನ ಗ್ಯಾಪ್."

"ಗ್ಯಾಪ್ ಅಂದ್ರ ಖಾಲಿ ಜಾಗ ಹೌದಿಲ್ಲೋ? ನಾವು ತುಂಬಿದ್ರ ಏನ ಕೆಟ್ಟೀತು?" ಅಜ್ಜ ಸಭೆಯತ್ತ ತಿರುಗಿದರು. "ಕೂಸುಗಳು ಮೊದಲಿಂದ ಹಾಡ್ತಾವ. ನಾ ಕೈ ಇಳಿಸಿದಾಗ ಎಲ್ಲಾರೂ ಆಮೆನ್ ಅನ್ರಿ. ಅವಸರ ಬ್ಯಾಡ."

ಹಾಡು ಮತ್ತೆ ಅದೇ ಜಾಗಕ್ಕೆ ಬಂದು ನಿಂತಿತು. ಮೇಲೆತ್ತಿದ್ದ ಅಜ್ಜನ ಅಂಗೈಯನ್ನೇ ಇಡೀ ಸಭೆ ನೋಡುತ್ತಿತ್ತು. ಕೈ ಇಳಿಯಿತು. ಆಮೆನ್ ಜೊತೆಗೇ ಬೇಸ್ ಬಿದ್ದು ಕಿಟಕಿಯ ಗಾಜು ನಡುಗಿತು. ಮುಂದಿನ ಸಾಲು ಹಾಡಬೇಕಿದ್ದ ಸುವಾರ್ತಾ ಅದನ್ನು ಮರೆತು ಅಜ್ಜನತ್ತ ನೋಡಿದಳು. ಹಾಡಿನಲ್ಲಿ ಎಲ್ಲೂ ಇಲ್ಲದ "ಸ್ತೋತ್ರ ತಂದೆಯೇ" ಎಂಬ ದೇವಸ್ತುತಿ ತಾನಾಗಿಯೇ ಅವಳ ಬಾಯಿಗೆ ಬಂತು.