ಅಯಸ್ಕಾಂತದ ಪರೀಕ್ಷೆ

ಬೀಗದ ಕೈ ಗೊಂಚಲಿನ ಅಯಸ್ಕಾಂತ ಬ್ರೇಕ್ ಡಿಸ್ಕಿನ ಹತ್ತಿರ ಹೋಗಿದ್ದೇ ತಡ, ಟಪ್ಪೆಂದು ಕಚ್ಚಿಕೊಂಡಿತು. ಪಾತ್ರೆ ಅಂಗಡಿಯವಳು ಕಿತ್ತು ಮತ್ತೆ ಹಿಡಿದಳು, ಮತ್ತೆ ಕಚ್ಚಿತು.

ಅಂಗಡಿಗೆ ಬಂದ ಮಾಲನ್ನೆಲ್ಲ ಅವಳು ನೋಡುವುದು ಹೀಗೆಯೇ. ಅಯಸ್ಕಾಂತ ಜಾರಿ ಬಿದ್ದರೆ ಅಪ್ಪಟ ಸ್ಟೀಲು. ಹಿಡಿದುಕೊಂಡರೆ ಕಳಪೆ, ಬಾಗಿಲಿಂದಲೇ ವಾಪಸ್. ಮಾಲು ತಂದವರು ಅವಳ ಸೊಂಟದ ಗೊಂಚಲು ಕಂಡರೇ ಬೆವರುತ್ತಿದ್ದರು. "ಅತ್ತಿಗೆ, ನನ್ನ ತಲೆಗೂ ಒಂದ್ಸಲ ಹಿಡಿದು ನೋಡಿ" ಎಂದು ಮೈದುನ ಗೇಲಿ ಮಾಡುತ್ತಿದ್ದ. ಅದು ಮಾತುಕತೆ ಇದ್ದ ಕಾಲದಲ್ಲಿ.

ಈ ಡಿಸ್ಕ್ ಆ ಮೈದುನನೇ ತನ್ನ ಲೇತ್ ಶೆಡ್ಡಿನಲ್ಲಿ ಮಾಡಿಕೊಟ್ಟದ್ದು. ಒಳ ಅಂಚಿಗೆ ತನ್ನ ಗುರುತೆಂದು ಸಣ್ಣ ಚುಕ್ಕಿಯನ್ನೂ ಕುಟ್ಟಿದ್ದ. ಅವಳ ಒಬ್ಬನೇ ಮಗನಿಗೆ ಬೆಟ್ಟದಾಚೆ ಪಾರ್ಸೆಲ್ ಒಯ್ಯುವ ಕೆಲಸ. ಇಳಿಜಾರಿನಲ್ಲಿ ಅಪ್ಪನ ಹಳೇ ಬೈಕಿನ ಬ್ರೇಕ್ ಸಾಲದೆಂದು ದೊಡ್ಡ ಡಿಸ್ಕ್ ಹಾಕಿಸಲು ಹೊರಟಿದ್ದ. ಆ ಅಳತೆಯದು ಎಲ್ಲೂ ಸಿಗುವುದಿಲ್ಲ, ಮಾಡಿಸಿಯೇ ಆಗಬೇಕು.

ಶೆಡ್ಡು ಅಣ್ಣತಮ್ಮಂದಿರಿಬ್ಬರದು. ಅವಳ ಗಂಡ ಸತ್ತ ಮೇಲೆ ಅರ್ಧ ಪಾಲು ಮಗನಿಗೆ ಬರಬೇಕು. ಅವಳು ಆ ಮಾತು ಎತ್ತಿದಾಗಲೆಲ್ಲ ಮೈದುನ ಲೇತ್ ಚಾಲೂ ಮಾಡಿಬಿಡುತ್ತಿದ್ದ.

ಮೊನ್ನೆ ಶೆಡ್ಡಿನ ಬಾಗಿಲಲ್ಲಿ ನಿಂತು ಕಿವಿಯಾರೆ ಕೇಳಿದ್ದಳು. ಡಿಸ್ಕಿನಲ್ಲಿ ಚೆಂದಕ್ಕೆ ಇನ್ನಷ್ಟು ತೂತು ಬೇಕೆಂದು ಮಗ ಹಠ ಹಿಡಿದಿದ್ದ.

"ಕೊರೆಸ್ಕೋ, ಜರಡಿ ಮಾಡ್ಸ್ಕೋ. ಸೀದಾ ನಿಮ್ಮಪ್ಪನ ಹತ್ರ ಹೋಗ್ತೀಯ," ಎಂದಿದ್ದ ಚಿಕ್ಕಪ್ಪ. ಆಮೇಲೆ ದನಿ ತಗ್ಗಿಸಿದ್ದ. "ನಾನು ಮಾಡಿದ್ದನ್ನೇ ಹಾಕ್ಕೋ. ಬೇರೆಯವರು ಕೈ ಇಡೋದು ಬೇಡ."

ಈಗ ಎಲ್ಲ ಅರ್ಥವಾಯಿತು. ಪಾಲು ಕೊಡುವುದು ತಪ್ಪಲೆಂದು ಕಳಪೆ ಕಬ್ಬಿಣಕ್ಕೆ ಹೊಳಪು ಕೊಟ್ಟು ಮಗನ ಕೊರಳಿಗೆ ಕಟ್ಟಿದ್ದಾನೆ.

ಮಗನಿಗೆ ಹೇಳಿ ಪ್ರಯೋಜನವಿಲ್ಲ, ಅವನಿಗೆ ಚಿಕ್ಕಪ್ಪನೆಂದರೆ ಪ್ರಾಣ. ಅವಳು ತುಟಿ ಬಿಚ್ಚದೆ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು, ತನಗೆ ಪಾತ್ರೆ ಒದಗಿಸುವ ಕಾರ್ಖಾನೆಗೆ ನಡೆದಳು. ಅದೇ ಅಳತೆ, ಅದೇ ತೂತು, ಆದರೆ ಇರುವುದರಲ್ಲೇ ಒಳ್ಳೆಯ ದಪ್ಪ ಸ್ಟೀಲು. ಎದುರಿಗೇ ಕುಳಿತು ಮಾಡಿಸಿದಳು. ಅಯಸ್ಕಾಂತ ಹಿಡಿದಳು. ಜಾರಿ ಬಿತ್ತು. ಹೋದ ಜೀವ ಬಂದಂತಾಯಿತು.

"ಯಾವ ಪಾತ್ರೆ ಮುಚ್ಚಳ ಅಕ್ಕಾ ಇದು?" ಎಂದ ಕಾರ್ಖಾನೆಯವನು.

"ನನ್ನ ಮಗನ ಆಯುಷ್ಯದ್ದು," ಎಂದಳು.

ಮೈದುನನ ಡಿಸ್ಕ್ ಗುಜರಿಯ ರಾಶಿ ಸೇರಿತು. ಹೊಸದನ್ನು ಅದರ ಜಾಗದಲ್ಲಿಟ್ಟಳು, ಮೆಕ್ಯಾನಿಕ್ ಅದನ್ನೇ ಬೈಕಿಗೆ ಕೂರಿಸಿದ. ಚಿಕ್ಕಪ್ಪನ ಕೈಕೆಲಸ ನೋಡಿ ಎಂದು ಮಗ ಬೀದಿಗೆಲ್ಲ ತೋರಿಸಿಕೊಂಡು ಬಂದ. ಅವಳು ಒಳಗೊಳಗೇ ನಕ್ಕಳು.

ಬೆಟ್ಟ ಇಳಿಯುವಾಗ, ಕೊನೆಯ ತಿರುವಿನಲ್ಲಿ, ಬೈಕ್ ನಿಲ್ಲಲಿಲ್ಲ.

ಮಗನನ್ನು ಮಣ್ಣು ಮಾಡಿ ಬಂದವಳು ನೆಟ್ಟಗೆ ಪೊಲೀಸ್ ಠಾಣೆಗೆ ಹೋದಳು. ಡಿಸ್ಕ್ ಬದಲಾಯಿಸಿದರೂ ಪಾಪಿ ಬಿಡಲಿಲ್ಲ, ಇನ್ನೇನೋ ಮಾಡಿದ್ದಾನೆ ಎಂಬುದೊಂದೇ ಅವಳ ತಲೆಯಲ್ಲಿ. ಅಂಗಳದಲ್ಲಿ ನುಜ್ಜುಗುಜ್ಜಾದ ಬೈಕ್. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಮೈದುನ. ಇವನೇ ಕೊಂದಿದ್ದು, ಬರೆದುಕೊಳ್ಳಿ ಎಂದು ವಾಹನ ತಪಾಸಣೆಯ ಅಧಿಕಾರಿಗೆ ಹೇಳಿದಳು.

ಅಧಿಕಾರಿ ಬಿಚ್ಚಿಟ್ಟ ಡಿಸ್ಕನ್ನು ತಿರುಗಿಸಿ ನೋಡಿದರು. ಸೊಟ್ಟಗಾಗಿತ್ತು, ಕಾದು ನೀಲಿಗಟ್ಟಿತ್ತು. ಯಾರ ಹತ್ತಿರವಾದರೂ ಅಯಸ್ಕಾಂತ ಇದೆಯೇ ಎಂದು ಕೇಳಿದರು. ಅವಳು ಸೊಂಟದ ಗೊಂಚಲು ತೆಗೆದು ಕೊಟ್ಟಳು. ಅಯಸ್ಕಾಂತ ಜಾರಿತು, ಗೊಂಚಲು ನೆಲಕ್ಕೆ ಬಿತ್ತು. ನೋಡಿ, ಅಪ್ಪಟ ಸ್ಟೀಲು ಎನ್ನಲು ಬಾಯಿ ತೆರೆದಳು.

"ಪಾತ್ರೆ ಸ್ಟೀಲು," ಎಂದರು ಅಧಿಕಾರಿ. "ಬ್ರೇಕಿಗೆ ಅಯಸ್ಕಾಂತ ಹಿಡಿಯೋ ಸ್ಟೀಲೇ ಬೇಕು. ಅದನ್ನ ಕಾಯಿಸಿ ಹದ ಮಾಡಿ ಗಟ್ಟಿ ಮಾಡಿರ್ತಾರೆ. ಇದು ಮೆತ್ತಗಿರೋದು. ಬಿಸಿಗೆ ಸೊಟ್ಟಗಾಗಿದೆ, ಬ್ರೇಕ್ ಹಿಡೀಲಿಲ್ಲ, ಹುಡುಗ ಹೋದ. ಯಾರು ಮಾಡಿದ್ದು ಇದನ್ನ?"

ಮೈದುನ ಡಿಸ್ಕನ್ನು ಕೈಗೆ ತೆಗೆದುಕೊಂಡ. ಹೆಬ್ಬೆರಳು ಒಳ ಅಂಚಿನ ಸುತ್ತ ಒಂದು ಸುತ್ತು ಬಂತು, ಮತ್ತೊಂದು ಸುತ್ತು ಬಂತು. ಚುಕ್ಕಿ ಇರಲಿಲ್ಲ. ಬಗ್ಗಿ ಗೊಂಚಲು ಎತ್ತಿದ. ಅದರಲ್ಲಿ ತೂಗುವ ಅಯಸ್ಕಾಂತವನ್ನೇ ಸ್ವಲ್ಪ ಹೊತ್ತು ನೋಡಿದ. ಅತ್ತಿಗೆಯ ಅಂಗೈಯಲ್ಲಿ ಅದನ್ನಿಟ್ಟು, ಅವಳ ಬೆರಳುಗಳನ್ನು ತಾನೇ ಮಡಿಸಿ ಮುಚ್ಚಿದ.

"ನಾನೇ ಸಾರ್," ಎಂದ.