ನೀಲಿ ಗುಂಡಿ

ಕಾಲೇಜು ಗ್ರಂಥಾಲಯದ ಬಾಗಿಲ ಪಕ್ಕದ ನೀಲಿ ಗುಂಡಿಯನ್ನು ಕೆಲಸದಾಳು ಓಡೆಲ್ ಒರೆಸುತ್ತಿದ್ದ. ಒತ್ತಿದರೆ ಬಾಗಿಲು ತಾನಾಗಿ ತೆರೆಯಬೇಕಾದ ಆ ಗುಂಡಿ ಕೆಟ್ಟು ವರ್ಷವಾಗಿತ್ತು. ಅಂದಿನಿಂದ ವಿದ್ಯಾರ್ಥಿನಿ ಮಾರ್ಲಾ ತನ್ನ ಗಾಲಿಕುರ್ಚಿಯಲ್ಲಿ, ಬಾಗಿಲು ತೆಗೆಯುವವರು ಯಾರಾದರೂ ಬರಲೆಂದು ಹೊರಗೇ ಕಾಯುತ್ತಿದ್ದಳು. ಇವತ್ತು ಅಂಗವಿಕಲರ ಸೌಲಭ್ಯಗಳನ್ನು ನೋಡಲು ವಾಷಿಂಗ್ಟನ್‌ನಿಂದ ತಪಾಸಣೆಯವರು ಬರುವವರಿದ್ದರು. ಬಾಗಿಲು ಮುಚ್ಚದಂತೆ ಡೀನ್ ಪ್ರೆಂಟಿಸ್ ಅದರಡಿಗೆ ರಬ್ಬರ್ ತುಂಡೊಂದನ್ನು ಸಿಕ್ಕಿಸಿದ್ದರು.

"ನೋಡಮ್ಮ, ಇವತ್ತೊಂದಿನ ನಗ್ತಾ ಒಳಗೆ ಹೋಗ್ಬಿಡು," ಎಂದು ಡೀನ್ ಪಿಸುಗುಟ್ಟಿದರು.

"ನಾಳೆ ನೀವೂ ನನ್ ಜೊತೆ ಹೊರಗೆ ಕಾಯ್ತೀರಾ, ಸರ್?"

ತಪಾಸಣೆಯವರು ಹತ್ತಿರ ಬಂದರು. ಮಾರ್ಲಾ ಬಗ್ಗಿ ರಬ್ಬರ್ ತುಂಡನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು. ಎಲ್ಲರ ಕಣ್ಣೆದುರೇ ಭಾರದ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಓಡೆಲ್ ಒರೆಸುವ ಬಟ್ಟೆ ಮಡಚಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಡೀನ್ ಸರ್," ಎಂದಳು ಮಾರ್ಲಾ, "ಆ ಗುಂಡಿ ಸ್ವಲ್ಪ ಒತ್ತಿ."

ಯಾರ ಕೈಯೂ ಮೇಲೇಳಲಿಲ್ಲ.